ಎದೆಯಲ್ಲಿ ನೀರು ಮತ್ತೆ ಮತ್ತೆ ತುಂಬುತ್ತಿದೆ, ಬಯಾಪ್ಸಿಗೆ ಹೆದರಬೇಕೇ? ಮೀಸೋಥೆಲಿಯೋಮಾ ಕುರಿತ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನ ತಂದೆಗೆ 69 ವರ್ಷ. ವಯಸ್ಸಿನಲ್ಲಿದ್ದಾಗ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಾಯ್ಲರ್‌ಗಳಿಗೆ, ಹಬೆ ಪೈಪುಗಳಿಗೆ ಶಾಖ ತಡೆಯುವ ಹೊದಿಕೆ ಸುತ್ತುವ ಕೆಲಸ ಮಾಡುತ್ತಿದ್ದರು. ಅದನ್ನು ಬಿಟ್ಟು ಸುಮಾರು ಮೂವತ್ತು ವರ್ಷವಾಯಿತು. ಬೀಡಿ, ಸಿಗರೇಟು ಮುಟ್ಟಿದವರಲ್ಲ. ನಾಲ್ಕು ತಿಂಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು, ಬಲ ಪಕ್ಕೆಯಲ್ಲಿ ಹಿಡಿದುಕೊಂಡಂಥ ನೋವು. ಎಕ್ಸ್‌ರೇಯಲ್ಲಿ ಬಲಗಡೆ ನೀರು ಕಂಡಿತು. ಎರಡು ಸಲ ತೆಗೆದು ಪರೀಕ್ಷೆಗೆ ಕಳಿಸಿದರು, ಎರಡು ಸಲವೂ ಕ್ಯಾನ್ಸರ್ ಕೋಶ ಇಲ್ಲ ಎಂದು ಬಂತು. ಕ್ಷಯವಿರಬಹುದೆಂದು ಮಾತ್ರೆ ಶುರುಮಾಡಿದರು, ಆದರೂ ನೀರು ಮತ್ತೆ ತುಂಬಿದೆ. ಈಗ ಸಿ.ಟಿ. ಸ್ಕ್ಯಾನ್ ನೋಡಿದ ವೈದ್ಯರು ಶ್ವಾಸಕೋಶದ ಹೊದಿಕೆ ದಪ್ಪಗಾಗಿದೆ, ಮೀಸೋಥೆಲಿಯೋಮಾ ಎಂಬ ಕ್ಯಾನ್ಸರ್ ಇರಬಹುದು, ಬಯಾಪ್ಸಿ ಮಾಡಲೇಬೇಕು ಎನ್ನುತ್ತಿದ್ದಾರೆ. ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂದು ನೆಂಟರು ಹೇಳುತ್ತಿದ್ದಾರೆ. ಅಪ್ಪನ ಧೂಳು ತುಂಬಿದ ಬಟ್ಟೆಗಳನ್ನು ಅಷ್ಟೂ ವರ್ಷ ಒಗೆದವರು ಅಮ್ಮ. ಅವರಿಗೂ ನಮಗೂ ಇದು ಬರುತ್ತದೆಯೇ? ಮನೆಯ ಹಿಂದಿನ ಶೆಡ್ಡಿಗೆ ಹಳೆಯ ಆಸ್ಬೆಸ್ಟಾಸ್ ಶೀಟು ಇದೆ, ಅದನ್ನೇನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳಿವೆ. ಬಯಾಪ್ಸಿಯಲ್ಲಿ, ಅಂದರೆ ಪರೀಕ್ಷೆಗೆಂದು ಒಳಗಿನ ತುಣುಕು ತೆಗೆದರೆ ಅಪ್ಪನ ಕಾಯಿಲೆ ಕೆರಳೀತು ಎಂಬುದು ಒಂದು, ಅದೇ ಕಾಯಿಲೆ ಮನೆಯ ಉಳಿದವರಿಗೂ ಕಾದಿದೆಯೇನೋ ಎಂಬುದು ಇನ್ನೊಂದು. ಎರಡನ್ನೂ ಬಿಡಿಸಿ ಹೇಳುತ್ತೇನೆ. ಆದರೆ ಮೊದಲು ಹೇಳಬೇಕಾದ ಮಾತು ಇದು: ಬಯಾಪ್ಸಿ ಮಾಡಿಸಿ, ಮುಂದೂಡಬೇಡಿ. ಸದ್ಯ ನಿಮ್ಮ ಮುಂದಿರುವುದು ಬಲವಾದ ಅನುಮಾನ, ಖಚಿತವಾದ ರೋಗವಲ್ಲ. ತುಣುಕು ನೋಡದೆ ಯಾವ ವೈದ್ಯರೂ ನಿಮ್ಮ ತಂದೆಯವರ ಕಾಯಿಲೆಗೆ ಹೆಸರಿಡಲಾರರು. ಹೆಸರಿಡದೆ ಚಿಕಿತ್ಸೆ ಶುರುಮಾಡಿದರೆ ಏನಾಗುತ್ತದೆ ಎಂಬುದನ್ನು ಕಳೆದ ನಾಲ್ಕು ತಿಂಗಳಲ್ಲಿ ನೀವೇ ನೋಡಿದ್ದೀರಿ.

ನಮ್ಮ ಶ್ವಾಸಕೋಶದ ಹೊರಮೈಗೂ ಎದೆಗೂಡಿನ ಒಳಮೈಗೂ ತೆಳುವಾದ ಒಂದು ಪೊರೆ ಇದೆ, ಅದನ್ನು ಪ್ಲೂರಾ ಎನ್ನುತ್ತೇವೆ. ಹೊಟ್ಟೆಯೊಳಗಿನ ಅಂಗಗಳನ್ನು ಇಂಥದೇ ಪೊರೆ ಸುತ್ತಿಕೊಂಡಿದೆ. ಹೃದಯಕ್ಕೂ ಒಂದು ಚೀಲವಿದೆ, ವೃಷಣಕ್ಕೂ ಒಂದು ಹೊದಿಕೆಯಿದೆ. ಈ ಎಲ್ಲ ಪೊರೆಗಳ ಮೇಲೂ ಒಂದೇ ಜಾತಿಯ ಕೋಶಗಳು ಒಂದೇ ಪದರವಾಗಿ ಹಾಸಿಕೊಂಡಿರುತ್ತವೆ. ಆ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಮೀಸೋಥೆಲಿಯೋಮಾ. ಹತ್ತು ರೋಗಿಗಳಲ್ಲಿ ಸುಮಾರು ಎಂಟು ಮಂದಿಗೆ ಇದು ಪ್ಲೂರಾದಲ್ಲಿ ಬರುತ್ತದೆ, ಉಳಿದವರಲ್ಲಿ ಹೆಚ್ಚಿನವರಿಗೆ ಹೊಟ್ಟೆಯ ಪೊರೆಯಲ್ಲಿ. ಹೃದಯದ ಚೀಲದಲ್ಲಿ ಮತ್ತು ವೃಷಣದ ಹೊದಿಕೆಯಲ್ಲಿ ಬರುವುದು ಬಹಳ ಅಪರೂಪ. ಇದನ್ನು ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯುವವರು ಅನೇಕರು. ಅದು ಬೇರೆ ಕಾಯಿಲೆ, ಅದರ ಔಷಧಗಳೂ ಬೇರೆ.

ಕಾರಣದ ವಿಷಯಕ್ಕೆ ಬರೋಣ. ಇಲ್ಲಿ ವೈದ್ಯಶಾಸ್ತ್ರಕ್ಕೆ ಗೊಂದಲ ಕಡಿಮೆ. ಬಹುಪಾಲು ರೋಗಿಗಳ ಹಿಂದೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇದೆ. ನಿಮ್ಮ ತಂದೆಯವರು ಸುತ್ತುತ್ತಿದ್ದಂಥ ಶಾಖ ತಡೆಯುವ ಹೊದಿಕೆಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಇದೇ. ಅದು ನೆಲದಿಂದ ಅಗೆಯುವ ಖನಿಜ. ಒಡೆದಾಗ ಪುಡಿಯಾಗುವ ಬದಲು ಉದ್ದುದ್ದ ಎಳೆಗಳಾಗಿ ಸೀಳುತ್ತದೆ, ಆ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣಗಾದ ಮೇಲೂ ಸೀಳುತ್ತಲೇ ಹೋಗುತ್ತವೆ. ಉಸಿರಿನೊಡನೆ ಒಳಹೊಕ್ಕವು ಶ್ವಾಸಕೋಶದ ಅಂಚಿನವರೆಗೆ, ಅಲ್ಲಿಂದ ಪ್ಲೂರಾದವರೆಗೆ ತಲುಪುತ್ತವೆ. ದೇಹದ ಕಾವಲು ಕೋಶಗಳು ಅವನ್ನು ನುಂಗಿ ಕರಗಿಸಲು ನೋಡುತ್ತವೆ. ಆದರೆ ಎಳೆ ಕೋಶಕ್ಕಿಂತ ಉದ್ದ. ತನಗಿಂತ ಉದ್ದದ ಕಡ್ಡಿಯನ್ನು ನುಂಗಲು ಹೋದ ಕಪ್ಪೆಯ ಹಾಗೆ ಕೋಶ ಅರ್ಧ ನುಂಗಿ ಸಿಕ್ಕಿಹಾಕಿಕೊಂಡು ಸಾಯುತ್ತದೆ, ಸಾಯುವಾಗ ಉರಿಯೂತ ಹಚ್ಚುವ ರಾಸಾಯನಿಕಗಳನ್ನು ಚೆಲ್ಲುತ್ತದೆ. ಎಳೆ ಮಾತ್ರ ಅಲ್ಲಿಯೇ ಉಳಿಯುತ್ತದೆ. ಇನ್ನೊಂದು ಕೋಶ ಬರುತ್ತದೆ, ಅದಕ್ಕೂ ಇದೇ ಗತಿ. ವರ್ಷಗಟ್ಟಲೆ ನಡೆಯುವ ಈ ಉರಿಯೂತದಲ್ಲಿ ಪೊರೆಯ ಕೋಶಗಳ ವಂಶವಾಹಿಗಳಿಗೆ ಏಟು ಬೀಳುತ್ತದೆ. ಕೋಶ ಅಂಕೆ ಮೀರಿ ಬೆಳೆಯದಂತೆ ತಡೆಯುವ ಬಿ.ಎ.ಪಿ.1, ಎನ್.ಎಫ್.2, ಸಿ.ಡಿ.ಕೆ.ಎನ್.2ಎ ಎಂಬ ಜೀನ್‌ಗಳು ಒಂದೊಂದಾಗಿ ಕೈಕೊಡುತ್ತವೆ.

ಇದಕ್ಕೆ ಹಿಡಿಯುವ ಕಾಲವೇ ಈ ಕಾಯಿಲೆಯ ದೊಡ್ಡ ಕ್ರೌರ್ಯ. ಧೂಳು ಕುಡಿದ ದಿನದಿಂದ ರೋಗ ಕಾಣಿಸುವ ದಿನಕ್ಕೆ ಸಾಮಾನ್ಯವಾಗಿ 20ರಿಂದ 50 ವರ್ಷ. ನಿಮ್ಮ ತಂದೆಯವರು ಕೆಲಸ ಬಿಟ್ಟು ಮೂವತ್ತು ವರ್ಷವಾಯಿತಲ್ಲ, ಇನ್ನೇನು ಸಂಬಂಧ ಎಂದು ಯಾರಾದರೂ ಕೇಳಿದರೆ, ಸಂಬಂಧ ಇರುವುದೇ ಹಾಗೆ. ಇಟಲಿಯ ಕಾಸಾಲೆ ಮಾನ್‌ಫೆರಾಟೊ ಪಟ್ಟಣದಲ್ಲಿದ್ದ ಕಲ್ನಾರು ಸಿಮೆಂಟಿನ ದೊಡ್ಡ ಕಾರ್ಖಾನೆ 1986ರಲ್ಲಿ ಮುಚ್ಚಿತು. ಅದಾಗಿ ದಶಕಗಳು ಕಳೆದರೂ ಅಲ್ಲಿ ಹೊಸ ರೋಗಿಗಳು ಕಾಣಿಸಿಕೊಳ್ಳುತ್ತಲೇ ಇದ್ದರು. ಅವರಲ್ಲಿ ಕಾರ್ಖಾನೆಯೊಳಗೆ ಕಾಲಿಡದವರೂ ಇದ್ದರು.

ಕಲ್ನಾರಿಗೂ ಈ ಕ್ಯಾನ್ಸರಿಗೂ ಇರುವ ನಂಟನ್ನು ಜಗತ್ತು ಒಪ್ಪುವಂತೆ ಮಾಡಿದ ವರದಿ ದಕ್ಷಿಣ ಆಫ್ರಿಕಾದಿಂದ 1960ರಲ್ಲಿ ಬಂತು. ವ್ಯಾಗ್ನರ್, ಸ್ಲೆಗ್ಸ್ ಮತ್ತು ಮಾರ್ಚಂಡ್ ಎಂಬ ವೈದ್ಯರು ಕೇಪ್ ಪ್ರಾಂತದ ನೀಲಿ ಕಲ್ನಾರಿನ ಗಣಿ ಪ್ರದೇಶಕ್ಕೆ ಸಂಬಂಧಿಸಿದ 33 ರೋಗಿಗಳ ವಿವರ ಕೊಟ್ಟರು. ಅವರಲ್ಲಿ ಗಣಿಯಲ್ಲಿ ದುಡಿಯದೆ, ಬಾಲ್ಯದಲ್ಲಿ ಆ ಸುತ್ತಮುತ್ತ ಬೆಳೆದವರೂ ಇದ್ದರು. 1965ರಲ್ಲಿ ಲಂಡನ್ನಿನಿಂದ ಬಂದ ನ್ಯೂಹೌಸ್ ಮತ್ತು ಥಾಂಪ್ಸನ್ ಅವರ ಅಧ್ಯಯನದಲ್ಲಿ ಕಾರ್ಮಿಕರ ಜೊತೆ ಒಂದೇ ಮನೆಯಲ್ಲಿ ಬದುಕಿದ್ದಷ್ಟಕ್ಕೇ ರೋಗ ಬಂದವರು ಕಂಡರು. ನಿಮ್ಮ ತಾಯಿಯವರ ಬಗ್ಗೆ ನಿಮಗಿರುವ ಆತಂಕ ಆಧಾರವಿಲ್ಲದ್ದಲ್ಲ, ಅದಕ್ಕೇ ಇದನ್ನು ಹೇಳಿದೆ. ಅದರ ವಿಷಯಕ್ಕೆ ಮುಂದೆ ಬರುತ್ತೇನೆ.

ಬಿಳಿ ಕಲ್ನಾರು ನಿರಪಾಯಕಾರಿ, ನೀಲಿ ಮತ್ತು ಕಂದು ಮಾತ್ರ ಕೆಟ್ಟದ್ದು ಎಂಬ ಮಾತು ಇನ್ನೂ ಓಡಾಡುತ್ತಿದೆ. ನೀಲಿ ಮತ್ತು ಕಂದು ಬಗೆಗಳು ಮೀಸೋಥೆಲಿಯೋಮಾ ತರುವುದರಲ್ಲಿ ಹೆಚ್ಚು ಉಗ್ರ ಎಂಬುದು ನಿಜ. ಹಾಗೆಂದು ಬಿಳಿಯದಕ್ಕೆ ಮಾಫಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎಲ್ಲ ಬಗೆಯ ಕಲ್ನಾರನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ಇಷ್ಟರವರೆಗೆ ಉಸಿರಾಡಿದರೆ ತೊಂದರೆಯಿಲ್ಲ ಎಂದು ಹೇಳಬಲ್ಲ ಒಂದು ಗೆರೆ ಯಾರಿಗೂ ಸಿಕ್ಕಿಲ್ಲ.

ಕಲ್ನಾರಿನ ಹೊರಗೂ ಕೆಲವು ಕಾರಣಗಳಿವೆ. ಟರ್ಕಿಯ ಕಪಡೋಕಿಯಾದ ಕರೈನ್, ತುಜ್‌ಕೋಯ್‌ನಂಥ ಹಳ್ಳಿಗಳಲ್ಲಿ ಈ ರೋಗ ಮನೆಮನೆಯಲ್ಲಿ ಕಂಡಿತು. ಅಲ್ಲಿನ ಕಲ್ಲಿನಲ್ಲಿರುವ ಎರಿಯೊನೈಟ್ ಎಂಬ ಎಳೆಯಾಕಾರದ ಖನಿಜ ಅದಕ್ಕೆ ಕಾರಣ. ಬೇರೆ ಕ್ಯಾನ್ಸರಿಗಾಗಿ ಎದೆಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲಿ ಎಷ್ಟೋ ವರ್ಷಗಳ ನಂತರ ಅಪರೂಪಕ್ಕೆ ಬರುವುದುಂಟು. ಬಿ.ಎ.ಪಿ.1 ಜೀನಿನ ದೋಷವನ್ನು ಹುಟ್ಟಿನಿಂದಲೇ ಪಡೆದ ಕೆಲವು ಕುಟುಂಬಗಳಿವೆ. ಆ ಮನೆಗಳಲ್ಲಿ ಮೀಸೋಥೆಲಿಯೋಮಾದ ಜೊತೆಗೆ ಕಣ್ಣಿನ ಮೆಲನೋಮಾ, ಚರ್ಮದ ಮೆಲನೋಮಾ, ಮೂತ್ರಪಿಂಡದ ಕ್ಯಾನ್ಸರ್ ಕಾಣಬಹುದು, ರೋಗ ಎಳೆಯ ವಯಸ್ಸಿನಲ್ಲೇ ಬರಬಹುದು. ನಿಮ್ಮ ಕುಟುಂಬದಲ್ಲಿ ಅಂಥ ಚರಿತ್ರೆ ಇದ್ದರೆ ವೈದ್ಯರಿಗೆ ತಿಳಿಸಿ. ಇಲ್ಲದಿದ್ದರೆ ಇದು ರಕ್ತದಲ್ಲಿ ಹರಿದು ಬಂದೀತೆಂದು ಚಿಂತಿಸುವ ಕಾರಣವಿಲ್ಲ. ಮುಟ್ಟಿದರೆ, ಜೊತೆಯಲ್ಲಿ ಉಂಡರೆ, ಪಕ್ಕದಲ್ಲಿ ಮಲಗಿದರೆ ಅಂಟುವ ರೋಗವಂತೂ ಅಲ್ಲವೇ ಅಲ್ಲ. ಕೆಮ್ಮಿದಾಗ ಹರಡೀತೆಂದು ಮೊಮ್ಮಕ್ಕಳನ್ನು ಅಜ್ಜನಿಂದ ದೂರವಿಡುವ ಮನೆಗಳನ್ನು ನಾನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಸಿಗರೇಟು ಮುಟ್ಟದವರಿಗೆ ಹೇಗೆ ಬಂತು ಎಂಬ ಅಚ್ಚರಿ ನಿಮ್ಮ ಪತ್ರದಲ್ಲಿದೆ. ಮೀಸೋಥೆಲಿಯೋಮಾಕ್ಕೂ ಧೂಮಪಾನಕ್ಕೂ ಸಂಬಂಧವಿಲ್ಲ. ಆದರೆ ಕಲ್ನಾರಿನ ಧೂಳು ಕುಡಿದವರು ಸೇದುವವರೂ ಆಗಿದ್ದರೆ ಅವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಹಳ ಏರುತ್ತದೆ. ತಂದೆಯವರ ಜೊತೆ ದುಡಿದ ಹಳೆಯ ಸಂಗಾತಿಗಳಲ್ಲಿ ಈಗಲೂ ಸೇದುವವರಿದ್ದರೆ ಈ ಮಾತು ಅವರ ಕಿವಿಗೆ ಬೀಳಲಿ.

ಲಕ್ಷಣಗಳಲ್ಲಿ ಇದಕ್ಕೇ ವಿಶೇಷವಾದದ್ದು ಒಂದೂ ಇಲ್ಲ, ತೊಂದರೆ ಇರುವುದು ಅಲ್ಲಿಯೇ. ಪ್ಲೂರಾದಲ್ಲಿ ಬಂದಾಗ ಸಾಮಾನ್ಯವಾಗಿ ಒಂದೇ ಬದಿಯಲ್ಲಿ ನೀರು ತುಂಬುತ್ತದೆ, ಅದರಿಂದ ಏದುಸಿರು. ನೀರು ತೆಗೆದ ಮೇಲೂ ಹೋಗದ, ಪಕ್ಕೆಯಲ್ಲೋ ಭುಜದ ಕಡೆಗೋ ಮಂದವಾಗಿ ಕೊರೆಯುವ ನೋವು ಇರುತ್ತದೆ. ಒಣಕೆಮ್ಮು, ಆಯಾಸ, ತೂಕ ಇಳಿಯುವುದು, ರಾತ್ರಿ ಬೆವರುವುದು ಇರಬಹುದು. ಇವೆಲ್ಲ ಕ್ಷಯದಲ್ಲೂ ಇರುತ್ತವೆ. ಹೊಟ್ಟೆಯಲ್ಲಿ ಬಂದವರಿಗೆ ಹೊಟ್ಟೆ ಉಬ್ಬುತ್ತದೆ, ಸ್ವಲ್ಪ ಉಂಡರೂ ತುಂಬಿದಂತಾಗುತ್ತದೆ, ಮಲಬದ್ಧತೆ, ಹೊಸದಾಗಿ ಹರ್ನಿಯಾ ಕಾಣಿಸುವುದೂ ಇದೆ. ಹೃದಯದ ಚೀಲದಲ್ಲಾದರೆ ಅಲ್ಲಿ ನೀರು ಸೇರಿ ಹೃದಯವನ್ನೇ ಅದುಮುತ್ತದೆ. ವೃಷಣದ ಹೊದಿಕೆಯಲ್ಲಾದರೆ ನೀರು ತುಂಬಿದ ಊತವೆಂದು ಶಸ್ತ್ರಚಿಕಿತ್ಸೆ ಮಾಡುವಾಗಲೇ ಅನೇಕ ಸಲ ಪತ್ತೆಯಾಗುತ್ತದೆ.

ಈಗ ನಿಮ್ಮ ತಂದೆಯವರ ವರದಿಗಳು. ನೀರಿನಲ್ಲಿ ಎರಡು ಸಲ ಕ್ಯಾನ್ಸರ್ ಕೋಶ ಸಿಗಲಿಲ್ಲ ಎಂಬುದು ಸಮಾಧಾನ ಪಡುವ ಸಂಗತಿಯಲ್ಲ. ಮೀಸೋಥೆಲಿಯೋಮಾದಲ್ಲಿ ನೀರಿನ ಪರೀಕ್ಷೆಯಿಂದಲೇ ರೋಗ ಖಚಿತವಾಗುವುದು ಅರ್ಧಕ್ಕಿಂತ ಕಡಿಮೆ ಜನರಲ್ಲಿ. ಗೆಡ್ಡೆ ಪೊರೆಗೆ ಅಂಟಿಕೊಂಡಿರುತ್ತದೆ, ಕೋಶಗಳು ನೀರಿಗೆ ಸಾಕಷ್ಟು ಉದುರುವುದಿಲ್ಲ, ಉದುರಿದವೂ ಉರಿಯೂತದಿಂದ ಕೆರಳಿದ ಸಾಮಾನ್ಯ ಕೋಶಗಳ ಹಾಗೆಯೇ ಕಾಣುತ್ತವೆ. ಮೂರನೆಯ ಸಲ, ನಾಲ್ಕನೆಯ ಸಲ ಅದೇ ಪರೀಕ್ಷೆ ಮಾಡಿಸುವುದರಿಂದ ಪ್ರಯೋಜನ ಕಡಿಮೆ, ಕಳೆಯುವುದು ಸಮಯ. ಕ್ಷಯದ ಮಾತ್ರೆ ಕೊಟ್ಟ ವೈದ್ಯರನ್ನು ನಾನು ದೂರುವುದಿಲ್ಲ, ಎದೆಯ ನೀರಿಗೆ ಕ್ಷಯ ಸಾಮಾನ್ಯ ಕಾರಣವೇ. ಆದರೆ ವಯಸ್ಸಾದವರಲ್ಲಿ, ಕಲ್ನಾರಿನೊಡನೆ ದುಡಿದವರಲ್ಲಿ, ಪೊರೆ ಗಂಟುಗಂಟಾಗಿ ದಪ್ಪಗಾಗಿ ನೀರು ಮರಳಿ ಬರುತ್ತಿದ್ದರೆ ಅಂದಾಜಿನ ಚಿಕಿತ್ಸೆಯಲ್ಲಿ ನಿಲ್ಲಬಾರದು. ಆ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಬಯಾಪ್ಸಿಯ ತುಣುಕನ್ನು ಕ್ಷಯದ ಪರೀಕ್ಷೆಗೂ ಕಳಿಸಲು ಕೇಳಿ, ಉತ್ತರ ಬಂದ ಮೇಲೆ ವೈದ್ಯರು ತೀರ್ಮಾನಿಸಲಿ.

ಬಯಾಪ್ಸಿಯಿಂದ ಹರಡುತ್ತದೆ ಎಂಬ ಮಾತಿನ ಬೇರಿನಲ್ಲಿ ಒಂದು ಸಣ್ಣ ಸತ್ಯವಿದೆ, ಅದನ್ನು ಮುಚ್ಚಿಡುವುದಿಲ್ಲ. ಮೀಸೋಥೆಲಿಯೋಮಾದಲ್ಲಿ ಸೂಜಿ ಅಥವಾ ನಳಿಕೆ ಹೋದ ದಾರಿಯಲ್ಲಿ ಕೆಲವರಿಗೆ ಚರ್ಮದ ಕೆಳಗೆ ಚಿಕ್ಕ ಗಂಟು ಬೆಳೆಯುತ್ತದೆ. ಅದು ಆ ಜಾಗದ ಮಟ್ಟಿಗಿನ ತೊಂದರೆ, ನೋವಾದರೆ ಆ ಗಂಟಿಗೇ ವಿಕಿರಣ ಕೊಟ್ಟು ಶಮನ ಮಾಡಬಹುದು. ಹಿಂದೆ ಇದನ್ನು ತಡೆಯಲೆಂದು ಬಯಾಪ್ಸಿಯಾದ ಎಲ್ಲರಿಗೂ ಮುಂಚಿತವಾಗಿ ವಿಕಿರಣ ಕೊಡುತ್ತಿದ್ದರು. ಅದರಿಂದ ಹೇಳಿಕೊಳ್ಳುವ ಲಾಭವಿಲ್ಲವೆಂದು ಪ್ರಯೋಗಗಳು ತೋರಿಸಿದ ಮೇಲೆ ಆ ಪದ್ಧತಿಯನ್ನೇ ಕೈಬಿಡಲಾಗಿದೆ. ತುಣುಕು ತೆಗೆದಿದ್ದರಿಂದ ಕಾಯಿಲೆ ಮೈಯೆಲ್ಲ ಹರಡಿತು, ಆಯುಷ್ಯ ಕುಗ್ಗಿತು ಎಂಬುದಕ್ಕೆ ಆಧಾರವಿಲ್ಲ. ಬಯಾಪ್ಸಿಯ ನಂತರ ರೋಗಿ ಕ್ಷೀಣಿಸಿದ್ದನ್ನು ನೋಡಿದವರು ಎರಡನ್ನೂ ಗಂಟುಹಾಕುತ್ತಾರೆ. ನನ್ನ ಅನುಭವದಲ್ಲಿ ಅವರಲ್ಲಿ ಬಹಳ ಮಂದಿ ಭಯಪಟ್ಟು ತಿಂಗಳುಗಟ್ಟಲೆ ಮುಂದೂಡಿ, ರೋಗ ಬಲಿತ ಮೇಲೆ ಬಂದವರು.

ಸಾಧ್ಯವಾದರೆ ಥೋರಕೋಸ್ಕೋಪಿ ಮಾಡುವ ಕಡೆಗೆ ಹೋಗಿ. ಪಕ್ಕೆಲುಬುಗಳ ನಡುವೆ ಚಿಕ್ಕ ರಂಧ್ರದಿಂದ ಕ್ಯಾಮೆರಾ ಇಳಿಸಿ, ಪೊರೆಯನ್ನು ಕಣ್ಣಾರೆ ನೋಡಿ, ಅನುಮಾನವಿರುವ ಕಡೆಗಳಿಂದ ದೊಡ್ಡ ತುಣುಕುಗಳನ್ನು ತೆಗೆಯುವ ವಿಧಾನ ಇದು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಇದರಿಂದ ರೋಗ ಖಚಿತವಾಗುತ್ತದೆ. ಅದೇ ಸಲಕ್ಕೆ ನೀರನ್ನು ಪೂರ್ತಿ ಬಸಿದು, ಅದು ಮತ್ತೆ ತುಂಬದಂತೆ ಪೊರೆಗಳನ್ನು ಅಂಟಿಸುವ ಔಷಧವನ್ನೂ ಹಾಕಬಹುದು. ಸ್ವಲ್ಪ ರಕ್ತಸ್ರಾವ, ಸೋಂಕು, ಕೆಲವು ದಿನ ಗಾಳಿ ಸೋರುವುದು ಇದರ ಅಪಾಯಗಳು. ತಂದೆಯವರು ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಥೋರಕೋಸ್ಕೋಪಿಯನ್ನು ತಾಳಿಕೊಳ್ಳುವ ಸ್ಥಿತಿ ಇಲ್ಲದವರಿಗೆ ಸಿ.ಟಿ. ಅಥವಾ ಅಲ್ಟ್ರಾಸೌಂಡ್ ನೋಡಿಕೊಂಡು ದಪ್ಪ ಸೂಜಿಯಿಂದ ತುಣುಕು ತೆಗೆಯುತ್ತಾರೆ.

ಇಷ್ಟು ಒತ್ತಿ ಹೇಳುವುದೇಕೆಂದರೆ, ಆ ತುಣುಕಿನಲ್ಲಿ ಮೀಸೋಥೆಲಿಯೋಮಾ ಅಲ್ಲದ್ದೂ ಸಿಗಬಹುದು. ಕಲ್ನಾರಿನಿಂದಲೇ ಬರುವ, ಕ್ಯಾನ್ಸರ್ ಅಲ್ಲದ ನೀರು ತುಂಬುವಿಕೆ ಇದೆ. ಕ್ಷಯವೇ ಇದ್ದರೂ ಇರಬಹುದು. ಶ್ವಾಸಕೋಶದ ಅಡೆನೋಕಾರ್ಸಿನೋಮಾ ಪ್ಲೂರಾಕ್ಕೆ ಹಬ್ಬಿದಾಗಲೂ ಸ್ಕ್ಯಾನಿನಲ್ಲಿ ಹೆಚ್ಚುಕಡಿಮೆ ಹೀಗೆಯೇ ಕಾಣುತ್ತದೆ. ಸೇದದವರಲ್ಲಿ ಬರುವ ಆ ಕ್ಯಾನ್ಸರಿನಲ್ಲಿ ಹಲವರಿಗೆ ನಿರ್ದಿಷ್ಟ ಜೀನ್ ಬದಲಾವಣೆ ಇರುತ್ತದೆ, ಅದಕ್ಕೆ ಮಾತ್ರೆಯ ರೂಪದಲ್ಲೇ ಪರಿಣಾಮಕಾರಿ ಔಷಧವಿದೆ. ಪರೀಕ್ಷೆಯಿಲ್ಲದೆ ಮನೆಯಲ್ಲೇ ಕೂತರೆ ಆ ಅವಕಾಶ ಇದ್ದದ್ದೂ ತಿಳಿಯುವುದಿಲ್ಲ. ಇವುಗಳ ನಡುವೆ ವ್ಯತ್ಯಾಸ ಹೇಳಲು ಪೆಥಾಲಜಿಸ್ಟರು ಕ್ಯಾಲ್‌ರೆಟಿನಿನ್, ಡಬ್ಲ್ಯೂ.ಟಿ.1, ಟಿ.ಟಿ.ಎಫ್.1ರಂಥ ಹಲವು ಬಣ್ಣದ ಪರೀಕ್ಷೆಗಳನ್ನು ಒಟ್ಟಿಗೆ ಮಾಡುತ್ತಾರೆ. ವರದಿ ಬರಲು ವಾರ ಹಿಡಿದರೆ ಆತಂಕ ಬೇಡ. ಅಪರೂಪದ ರೋಗವಾದ್ದರಿಂದ ಅನುಭವಿ ಪೆಥಾಲಜಿಸ್ಟರೊಬ್ಬರ ಎರಡನೆಯ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು, ಒಳ್ಳೆಯ ವೈದ್ಯರು ಅದಕ್ಕೆ ಬೇಸರಪಡುವುದಿಲ್ಲ.

ಮೀಸೋಥೆಲಿಯೋಮಾ ಎಂದೇ ಬಂದರೆ, ವರದಿಯಲ್ಲಿ ಮುಂದೆ ನೋಡಬೇಕಾದ್ದು ಕೋಶದ ಬಗೆ. ಎಪಿಥೀಲಿಯಾಯ್ಡ್ ಎಂಬುದು ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಕಾಣುವ ಬಗೆ. ಇದು ತುಲನೆಯಲ್ಲಿ ನಿಧಾನ, ಚಿಕಿತ್ಸೆಗೆ ಹೆಚ್ಚು ಸ್ಪಂದಿಸುತ್ತದೆ. ಸಾರ್ಕೊಮಟಾಯ್ಡ್ ಬಗೆಯಲ್ಲಿ ಕೋಶಗಳು ಕದಿರಿನಂತೆ ನೀಳವಾಗಿರುತ್ತವೆ. ಬೇಗ ಬೆಳೆಯುತ್ತದೆ, ಹಳೆಯ ಕೀಮೋಥೆರಪಿಗೆ ಜಗ್ಗುವುದು ಕಡಿಮೆ. ಎರಡೂ ಬೆರೆತದ್ದು ಬೈಫೇಸಿಕ್. ಯಾವುದರ ಪಾಲು ಹೆಚ್ಚೋ ಅದರ ಗುಣ ಹೆಚ್ಚು. ಮೀಸೋಥೆಲಿಯೋಮಾ ಎಂಬ ಒಂದು ಪದ ಕೇಳಿ ಎಷ್ಟು ತಿಂಗಳು ಉಳಿಯುತ್ತಾರೆ ಎಂದು ಹುಡುಕಲು ಹೋಗಬೇಡಿ. ಜಾಗ, ಬಗೆ, ಹಂತ, ರೋಗಿಯ ದೇಹಸ್ಥಿತಿ ಈ ನಾಲ್ಕೂ ಗೊತ್ತಾಗದೆ ಆ ಪ್ರಶ್ನೆಗೆ ಅರ್ಥವಿಲ್ಲ.

ಚಿಕಿತ್ಸೆಯ ಬಗ್ಗೆ ನೇರವಾಗಿ ಹೇಳುತ್ತೇನೆ: ಪ್ಲೂರಾದ ಮೀಸೋಥೆಲಿಯೋಮಾವನ್ನು ಪೂರ್ತಿ ಗುಣಪಡಿಸುವುದು ಇಂದಿಗೂ ಬಹಳ ಅಪರೂಪ. ಹಾಗೆಂದು ಮಾಡಲು ಏನೂ ಇಲ್ಲ ಎಂಬ ಮಾತೂ ಸುಳ್ಳು. ಮೊದಲ ಕೆಲಸ ಉಸಿರಾಟ ಹಗುರ ಮಾಡುವುದು. ಶುದ್ಧೀಕರಿಸಿದ ವೈದ್ಯಕೀಯ ಟಾಲ್ಕ್ ಪುಡಿ ಹಾಕಿ ಪೊರೆಗಳನ್ನು ಅಂಟಿಸುವುದು ಒಂದು ದಾರಿ. ಅದು ಫಲಿಸಲು ಶ್ವಾಸಕೋಶ ಹಿಗ್ಗಿ ಎದೆಗೂಡಿಗೆ ತಾಗಬೇಕು. ಹಿಗ್ಗದಿದ್ದರೆ ಮೃದುವಾದ ನಳಿಕೆಯೊಂದನ್ನು ಒಳಗಿಟ್ಟು ಮನೆಯಲ್ಲೇ ನೀರು ಬಸಿಯುವ ವ್ಯವಸ್ಥೆ ಮಾಡುತ್ತಾರೆ. ಸೋಂಕಿನ ಮೇಲೆ ಕಣ್ಣಿಟ್ಟರೆ ಇದರಲ್ಲಿ ಜನ ಆರಾಮಾಗಿ ದಿನ ಕಳೆಯುತ್ತಾರೆ.

ಔಷಧಗಳಲ್ಲಿ ಪೆಮೆಟ್ರೆಕ್ಸೆಡ್ ಮತ್ತು ಸಿಸ್‌ಪ್ಲಾಟಿನ್ ಜೋಡಿ 2003ರ ಪ್ರಯೋಗದಿಂದ ಬಳಕೆಗೆ ಬಂತು. ಸಿಸ್‌ಪ್ಲಾಟಿನ್ ಒಂದನ್ನೇ ಪಡೆದವರ ಮಧ್ಯಮ ಬದುಕುಳಿವು 9.3 ತಿಂಗಳಿದ್ದರೆ ಜೋಡಿ ಪಡೆದವರದು 12.1 ತಿಂಗಳು. ಮೂತ್ರಪಿಂಡ ಬಲಹೀನವಾಗಿರುವವರಿಗೆ ಕಾರ್ಬೋಪ್ಲಾಟಿನ್ ಕೊಡುತ್ತಾರೆ. ಜೊತೆಗೆ ಫೋಲಿಕ್ ಆಮ್ಲ ಮತ್ತು ಬಿ12 ಕಡ್ಡಾಯ, ಅವನ್ನು ವಿಟಮಿನ್ ಮಾತ್ರೆ ತಾನೇ ಎಂದು ಬಿಡಬೇಡಿ, ಅಡ್ಡಪರಿಣಾಮ ತಗ್ಗಿಸುವುದು ಅವೇ. ಆಮೇಲೆ ಬಂದದ್ದು ಇಮ್ಯುನೋಥೆರಪಿ. ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಜೋಡಿ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಅದರ ಪ್ರಯೋಗದಲ್ಲಿ ಕೀಮೋಥೆರಪಿಯವರ 14.1 ತಿಂಗಳಿಗೆ ಎದುರಾಗಿ ಇವರದು 18.1 ತಿಂಗಳು. ಸಾರ್ಕೊಮಟಾಯ್ಡ್ ಮತ್ತು ಬೈಫೇಸಿಕ್ ಬಗೆಯವರಲ್ಲಿ ಅಂತರ ಇನ್ನೂ ದೊಡ್ಡದು, 8.8ಕ್ಕೆ ಎದುರಾಗಿ 18.1. ಕೋಶದ ಬಗೆ ತಿಳಿಯಬೇಕೆಂದು ನಾನು ಹಟ ಹಿಡಿದದ್ದು ಇದಕ್ಕೇ. ಮಧ್ಯಮ ಎಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದರು ಎಂದು ಓದಿ, ಗಡುವು ಎಂದಲ್ಲ. ಇಮ್ಯುನೋಥೆರಪಿ ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುವುದರಿಂದ ಕರುಳು, ಯಕೃತ್ತು, ಥೈರಾಯ್ಡ್, ಶ್ವಾಸಕೋಶಗಳಲ್ಲೇ ಉರಿಯೂತ ಬರಬಹುದು. ಆ ಚಿಕಿತ್ಸೆಯಲ್ಲಿರುವಾಗ ಭೇದಿ ಶುರುವಾದರೆ ಮನೆಮದ್ದು ಮಾಡುತ್ತಾ ಕೂರದೆ ಅಂದೇ ಆಸ್ಪತ್ರೆಗೆ ತಿಳಿಸಬೇಕು. ಈ ಔಷಧಗಳು ದುಬಾರಿ. ಹಣದ ಮಾತನ್ನು ಸಂಕೋಚವಿಲ್ಲದೆ ಮೊದಲ ಭೇಟಿಯಲ್ಲೇ ಎತ್ತಿ.

ದೊಡ್ಡ ಶಸ್ತ್ರಚಿಕಿತ್ಸೆಯನ್ನು ಯಾರಾದರೂ ಸೂಚಿಸಿದರೆ ಎರಡು ಸಲ ಯೋಚಿಸಿ. ಶ್ವಾಸಕೋಶವನ್ನೇ ತೆಗೆಯುವ ಹಳೆಯ ವಿಧಾನ ಬಹುಮಟ್ಟಿಗೆ ಹಿಂದೆ ಸರಿದಿದೆ. ಶ್ವಾಸಕೋಶ ಉಳಿಸಿ ಪೊರೆ ಸುಲಿಯುವ ವಿಧಾನದ ಮೇಲೆ ಬ್ರಿಟನ್ನಿನಲ್ಲಿ 335 ರೋಗಿಗಳಲ್ಲಿ ನಡೆದ ಮಾರ್ಸ್ 2 ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಕೀಮೋಥೆರಪಿ ಮಾತ್ರ ಪಡೆದವರದು ಮಧ್ಯಮ 24.8 ತಿಂಗಳು, ಶಸ್ತ್ರಚಿಕಿತ್ಸೆಯೂ ಆದವರದು 19.3 ತಿಂಗಳು, ಗಂಭೀರ ತೊಡಕುಗಳು ಶಸ್ತ್ರಚಿಕಿತ್ಸೆಯವರಲ್ಲೇ ಹೆಚ್ಚು. ಇದರ ವಿಶ್ಲೇಷಣೆಯ ಬಗ್ಗೆ ಶಸ್ತ್ರವೈದ್ಯರಲ್ಲಿ ತಕರಾರುಗಳಿವೆ, ಆದರೂ 69ರ ವಯಸ್ಸಿನವರಿಗೆ ನಾನಾಗಿ ಆ ದಾರಿ ಸೂಚಿಸುವುದಿಲ್ಲ. ಹೊಟ್ಟೆಯ ಮೀಸೋಥೆಲಿಯೋಮಾದ ಕಥೆ ಬೇರೆ. ಅಲ್ಲಿ ಗೆಡ್ಡೆಗಳನ್ನು ಕೆತ್ತಿ ತೆಗೆದು ಬಿಸಿ ಮಾಡಿದ ಕೀಮೋ ದ್ರವವನ್ನು ಹೊಟ್ಟೆಯೊಳಗೆ ಹರಿಸುವ ಚಿಕಿತ್ಸೆಯಿಂದ, ಆಯ್ದ ರೋಗಿಗಳು ಹಲವು ವರ್ಷ ಬದುಕಿದ್ದಾರೆ.

ನೋವು ಮತ್ತು ಉಸಿರಾಟದ ಉಪಶಾಮಕ ಆರೈಕೆ ಕೊನೆಯ ದಿನಗಳಿಗೆ ಮೀಸಲು ಎಂಬ ಭಾವನೆ ಬಿಡಿ. ರೋಗ ಖಚಿತವಾದ ವಾರದಿಂದಲೇ ಅದನ್ನು ಕೇಳಿ ಪಡೆಯಿರಿ. ಮಾರ್ಫಿನ್ ಕೊಟ್ಟರೆ ಎಲ್ಲ ಮುಗಿಯಿತೆಂದು ಅರ್ಥವಲ್ಲ, ಸರಿಯಾದ ಪ್ರಮಾಣದಲ್ಲಿ ಅದು ನೋವಿನ ಜೊತೆ ಏದುಸಿರಿನ ಕಷ್ಟವನ್ನೂ ತಗ್ಗಿಸುತ್ತದೆ.

ತಾಯಿಯವರ ವಿಷಯ. ಬಟ್ಟೆ ಕೊಡವಿ ಒಗೆಯುವಾಗ ಎಳೆಗಳು ಅವರ ಉಸಿರಿಗೂ ಹೋಗಿರುತ್ತವೆ, ಆದ್ದರಿಂದ ಅವರಿಗೆ ಅಪಾಯ ಉಳಿದವರಿಗಿಂತ ಹೆಚ್ಚು. ಆದರೆ ವರ್ಷಾನುಗಟ್ಟಲೆ ಕಲ್ನಾರಿನ ನಡುವೆ ದುಡಿದ ಕಾರ್ಮಿಕರಲ್ಲೂ ಬಹುತೇಕರಿಗೆ ಮೀಸೋಥೆಲಿಯೋಮಾ ಬರುವುದಿಲ್ಲ. ಮಕ್ಕಳಾದ ನಿಮಗೆ ಅಪಾಯ ಇನ್ನೂ ಕಡಿಮೆ. ಲಕ್ಷಣವಿಲ್ಲದವರಿಗೆ ವರ್ಷವರ್ಷ ಸ್ಕ್ಯಾನ್ ಅಥವಾ ರಕ್ತಪರೀಕ್ಷೆ ಮಾಡಿಸಿ ಈ ರೋಗದಿಂದ ಕಾಪಾಡಬಹುದೆಂದು ಸಾಬೀತಾಗಿಲ್ಲ, ಅದಕ್ಕೆ ಹಣ ಸುರಿಯಬೇಡಿ. ಬೇರೆ ಕಾರಣಕ್ಕೆ ತೆಗೆದ ಎಕ್ಸ್‌ರೇಯಲ್ಲಿ ಪ್ಲೂರಲ್ ಪ್ಲೇಕ್ ಎಂದು ಬರೆದಿದ್ದರೆ ಗಾಬರಿಯಾಗಬೇಡಿ. ಅದು ಹಿಂದೆ ಕಲ್ನಾರು ಒಳಹೋಗಿದ್ದರ ಗುರುತು, ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ಬೇಕಾದ್ದು ಇಷ್ಟು: ಅಮ್ಮ ಯಾವ ವೈದ್ಯರ ಬಳಿ ಹೋದರೂ ಈ ಬಟ್ಟೆ ಒಗೆದ ಸಂಗತಿ ಹೇಳಲಿ. ಹೊಸದಾಗಿ ಏದುಸಿರು, ಬಿಡದ ಪಕ್ಕೆನೋವು, ಹೊಟ್ಟೆಯುಬ್ಬರ ಬಂದರೆ ವಾರಗಟ್ಟಲೆ ಕಾಯದೆ ತೋರಿಸಲಿ.

ಶೆಡ್ಡಿನ ಶೀಟು ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಎಳೆಗಳು ಸಿಮೆಂಟಿನಲ್ಲಿ ಬಂಧಿಯಾಗಿರುತ್ತವೆ, ಅದರ ಕೆಳಗೆ ಓಡಾಡುವುದರಿಂದ ಅಪಾಯ ಅತ್ಯಲ್ಪ. ಅಪಾಯ ಹುಟ್ಟುವುದು ಅದನ್ನು ಕೊರೆದಾಗ, ಗರಗಸದಿಂದ ಕತ್ತರಿಸಿದಾಗ, ಬ್ರಷ್ಷಿನಿಂದ ಉಜ್ಜಿ ತೊಳೆದಾಗ, ಎತ್ತಿ ಬಿಸಾಡಿ ಒಡೆದಾಗ. ಗಾಬರಿಯಲ್ಲಿ ನೀವೇ ಸುತ್ತಿಗೆ ಹಿಡಿದು ಕೀಳಿಸುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಅಂಚು ಪುಡಿಯಾಗಿ ಉದುರುತ್ತಿದ್ದರೆ ಮಾತ್ರ, ಈ ಕೆಲಸ ಬಲ್ಲವರಿಂದ, ಶೀಟನ್ನು ನೀರಿನಲ್ಲಿ ನೆನೆಸಿ, ಇಡೀ ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸ್ಥಳೀಯ ಆಡಳಿತ ಹೇಳುವ ಜಾಗಕ್ಕೇ ಸಾಗಿಸಬೇಕು. ಸಾಮಾನ್ಯ ಬಟ್ಟೆಯ ಮಾಸ್ಕ್ ಈ ಎಳೆಗಳನ್ನು ತಡೆಯುವುದಿಲ್ಲ.

ಬಯಾಪ್ಸಿಗೆ ಹೋಗುವ ಮುನ್ನ ಒಂದು ಸಂಜೆ ತಂದೆಯವರ ಜೊತೆ ಕೂತು ಅವರ ಕೆಲಸದ ಚರಿತ್ರೆ ಬರೆದುಕೊಳ್ಳಿ: ಎಲ್ಲೆಲ್ಲಿ, ಯಾವ ಇಸವಿಯಿಂದ ಯಾವ ಇಸವಿಯವರೆಗೆ, ಯಾವ ವಸ್ತು ಕೈಯಲ್ಲಿ ಹಿಡಿದರು, ಜೊತೆಗಾರರು ಯಾರು. ವೈದ್ಯರಿಗೆ ಅದು ಸ್ಕ್ಯಾನಿನಷ್ಟೇ ಮುಖ್ಯ. ಕಲ್ನಾರಿನಿಂದ ಬರುವ ಕ್ಯಾನ್ಸರ್ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿದೆ. ಪರಿಹಾರ ಕೇಳುವುದಾದರೆ ನೀವು ಬರೆದುಕೊಂಡ ಈ ಕೆಲಸದ ಚರಿತ್ರೆ, ಹಳೆಯ ಸಂಬಳದ ಚೀಟಿ, ಬಯಾಪ್ಸಿ ವರದಿ ಮೂರೂ ಬೇಕಾಗುತ್ತವೆ, ಅರ್ಜಿಗೆ ಕಾಲಮಿತಿಯೂ ಇರಬಹುದು. ಈ ನಡುವೆ ತಂದೆಯವರಿಗೆ ಮಲಗಿದಲ್ಲೇ ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ನೀರು ತೆಗೆದ ಜಾಗದಲ್ಲಿ ಕೀವು ಅಥವಾ ಚಳಿಜ್ವರ ಕಾಣಿಸಿದರೆ ಬಯಾಪ್ಸಿಯ ದಿನಕ್ಕೆ ಕಾಯದೆ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.